ನಾನಿಲ್ಲದ ಸಭೆಯ ವರದಿ

ನಾನು ವರದಿ ಮಾಡಿದ ಮೊದಲ ಕಾರ್ಯಕ್ರಮಕ್ಕೆ ನಾನು ಹೋಗಿರಲೇ ಇಲ್ಲ. ಹೋದವಳಂತೆ ಬರೆದೆ. ಬರೆದದ್ದು ಸುಳ್ಳು ಎಂದು ಒಬ್ಬ ತಾಯಿ ಬಂದು ನನ್ನೆದುರು ನಿಂತಾಗ, ಅವರನ್ನೇ ಸುಳ್ಳುಗಾರ್ತಿ ಮಾಡಿ ಕಳಿಸಿದೆ. ವಿಷಯ ಇಷ್ಟೇ. ಇಷ್ಟು ಹೇಳಲು ನನಗೆ ಹತ್ತು ಹನ್ನೆರಡು ವರ್ಷ ಬೇಕಾಯಿತು — ನಾಲ್ಕು ಮಾತಿಗೆ ಹನ್ನೆರಡು ವರ್ಷ! ಬೇರೆಯವರಾಗಿದ್ದರೆ ನಾನೇ ಚೆನ್ನಾಗಿ ಬೈಯುತ್ತಿದ್ದೆ.

ನಾನು ಕಂಪ್ಲಿಯವಳು. ಪತ್ರಿಕೋದ್ಯಮದಲ್ಲಿ ಎಂ.ಎ. ಓದುವಾಗ ಯಾವುದಾದರೂ ಪತ್ರಿಕೆಯಲ್ಲಿ ಎರಡು ತಿಂಗಳು ಕೆಲಸ ಕಲಿಯಬೇಕೆಂಬ ನಿಯಮವಿತ್ತು. ಹೊಸಪೇಟೆಯ ಒಂದು ಸಣ್ಣ ದಿನಪತ್ರಿಕೆಗೆ ಸೇರಿಕೊಂಡೆ. ಅದರ ಹೆಸರು ಬೇಡ, ಈಗ ಅದು ಮುಚ್ಚಿಹೋಗಿದೆ. ಸೇರಿದ ಮೇಲೆ ಕೆಲವು ದಿನ ಜನ ತಂದುಕೊಡುವ ಪ್ರಕಟಣೆಗಳನ್ನು ತಿದ್ದುವುದೇ ಕೆಲಸವಾಗಿತ್ತು. ನನಗೋ ಹೊರಗೆ ಹೋಗುವ ಆತುರ. ದಿನಾ ಸಂಪಾದಕರ ಮುಂದೆ ನಿಂತು ಕಾಡುತ್ತಿದ್ದೆ. ಕೊನೆಗೆ ಅವರಿಗೂ ಸಾಕಾಯಿತು.

"ನಾಳೆ ಗಾದಿಗನೂರಿನ ಆಚಿ ಒಂದು ಊರಾಗ ಫಂಕ್ಷನ್ ಐತಿ. ಕಂಪನಿಯವರು ಕುಡಿಯೋ ನೀರಿನ ಘಟಕ ಕಟ್ಟಿಸ್ಯಾರ. ಹೋಗಿ ಬಾ. ಹೆಸರು ಮಾತ್ರ ಬಿಡಬ್ಯಾಡವ್ವಾ ತಾಯಿ, ನಾಳಿ ನನಗ ಫೋನ್ ಮ್ಯಾಲ ಫೋನ್ ಬರ್ತಾವು" ಅಂದರು.

ಹೆಸರು ಅಂದರೆ ಏನೆಂದು ನಮ್ಮ ಕಡೆಯ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಸಭೆ ಸಮಾರಂಭದ ಯಾವ ವರದಿಯೇ ಇರಲಿ, ಕೊನೆಯಲ್ಲಿ ಒಂದಷ್ಟು ಹೆಸರುಗಳು ಸಾಲಾಗಿ ಬಂದು 'ಇದ್ದರು' ಎಂದು ಮುಗಿಯುತ್ತದೆ. ಊರಿನಲ್ಲಿ ಎಷ್ಟೋ ಜನ ಮೇಲಿನ ಸುದ್ದಿ ಬಿಟ್ಟು ಮೊದಲು ಆ ಸಾಲನ್ನೇ ಓದುತ್ತಾರೆ. ಅದನ್ನು ಆಹ್ವಾನ ಪತ್ರಿಕೆ ನೋಡಿ ಇಳಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಬಂದವರ ಹೆಸರು ಬಿಟ್ಟುಹೋದರೆ ಜಗಳ. ಬಾರದವರ ಹೆಸರು ಬಂದರೆ — ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ ಎಂದುಕೊಂಡಿದ್ದೆವು.

ಹತ್ತು ಗಂಟೆಗೆ ಸಭೆ. ನಾನು ಹೊಸ ಚೂಡಿದಾರ್ ಇಸ್ತ್ರಿ ಮಾಡಿಕೊಳ್ಳುತ್ತ ಹಾಸ್ಟೆಲಿನಲ್ಲಿ ತಡಮಾಡಿದೆ. ದೊಡ್ಡ ಪತ್ರಕರ್ತೆ ನೋಡಿ, ಸುಕ್ಕಾದ ಬಟ್ಟೆಯಲ್ಲಿ ಹೇಗೆ ಹೋಗುವುದು! ಹಿಡಿಯಬೇಕಾದ ಬಸ್ಸು ತಪ್ಪಿತು. ಮುಂದಿನ ಬಸ್ಸು ಹೊಸಪೇಟೆ ದಾಟಿ ಸ್ವಲ್ಪ ದೂರ ಹೋಗಿ ಕೆಟ್ಟು ನಿಂತಿತು. ಎಲ್ಲರೂ ಇಳಿದು ರಸ್ತೆ ಬದಿಯ ಬೇವಿನ ಮರದ ಕೆಳಗೆ ಕೂತೆವು. ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಣ್ಣುಮಗಳು ಅಲ್ಲಿಯೂ ಪಕ್ಕದಲ್ಲೇ ಕೂತರು. ನಲವತ್ತರ ಆಸುಪಾಸಿನವರು, ದೊಡ್ಡ ಕುಂಕುಮ, ದೊಡ್ಡ ದನಿ. ಚೀಲದಿಂದ ಎರಡು ಬಾಳೆಹಣ್ಣು ತೆಗೆದು ನನಗೊಂದು ಕೊಟ್ಟರು.

"ಎಲ್ಲಿಗೆ ಹೊಂಟೀಯವ್ವಾ, ಗಳಿಗಿಗೊಮ್ಮೆ ಗಡಿಯಾರ ನೋಡಾಕತ್ತೀ?"

"ಪೇಪರ್‌ನ್ಯಾಕಿರಿ ನಾನು. ನೀರಿನ ಘಟಕದ ಫಂಕ್ಷನ್ ಬರಿಯಾಕ ಹೊಂಟೀನಿ" ಅಂದೆ. ಎಷ್ಟು ಜಂಬದಿಂದ ಅಂದೆ ಎಂದು ಈಗ ನೆನೆದರೆ ಮೈ ಹಿಡಿಯಾಗುತ್ತದೆ.

ಅವರು ನಕ್ಕರು. "ಅದು ನಮ್ಮೂರ ಫಂಕ್ಷನ್ನ. ಹಂಗಾದ್ರ ಇದನ್ನ ಬರಕೋ. ನಮ್ಮೂರ ಹೆಣ್ಮಕ್ಕಳು ಒಬ್ರೂ ಅಲ್ಲಿಗೆ ಹೋಗಂಗಿಲ್ಲ. ಸಾಲಿ ಮುಂದ ಅದಿರು ಲಾರಿ ಬಿಡೋದು ನಿಲ್ಲಿಸ್ರಿ, ಆಮ್ಯಾಲ ನಿಮ್ಮ ನೀರು ಕುಡೀತೀವಿ ಅಂತ ಹೇಳೀವಿ. ನಾನು, ನಮ್ಮ ನಾದಿನಿ ಸೇರಿ ಮನಿಮನಿಗೆ ಹೋಗಿ ಆಣಿ ಹಾಕಿಸಿ ಬಂದೀವಿ. ನಾ ಮನ್ಯಾಗಿದ್ರ ಎಳಕೊಂಡು ಹೋಗಿ ಸ್ಟೇಜಿಗೆ ಹತ್ತಿಸ್ತಾರಂತ ನಸಿಕಿನ್ಯಾಗ ಎದ್ದು ಹೊಸಪೇಟಿಗೆ ಬಂದುಬಿಟ್ಟೆ. ಈಗ ಎಲ್ಲಾ ಮುಗಿದಿರ್ತೈತಿ, ಹೊಂಟೀನಿ."

ಸುದ್ದಿ ತಾನಾಗಿ ಬಂದು ನನ್ನ ಪಕ್ಕದಲ್ಲಿ ಕೂತಿತ್ತು, ಬಾಳೆಹಣ್ಣು ಬೇರೆ ಕೊಟ್ಟಿತ್ತು. ನಾನು "ಹೌದ್ರಾ" ಅಂದು ಮತ್ತೆ ಗಡಿಯಾರ ನೋಡಿದೆ. ಹೆಸರೇನ್ರಿ ನಿಮ್ಮದು ಎಂದು ಕೂಡ ಕೇಳಲಿಲ್ಲ. ಬಸ್ಸು ರಿಪೇರಿಯಾಗಿ ಆ ಊರಿನ ಕ್ರಾಸಿಗೆ ಬಂದಾಗ ಮಧ್ಯಾಹ್ನವಾಗಿತ್ತು. ಅವರು ಹೊಲದ ದಾರಿ ಹಿಡಿದರು, ನಾನು ಊರ ದಾರಿ ಹಿಡಿದೆ.

ಶಾಮಿಯಾನ ಬಿಚ್ಚುತ್ತಿದ್ದರು. ಕುರ್ಚಿಗಳು ಟ್ರ್ಯಾಕ್ಟರಿಗೆ ಏರುತ್ತಿದ್ದವು. ಕಂಪನಿಯ ಕಡೆಯವರೊಬ್ಬರು ಬಂದು, ಒಂದು ಚೂರೂ ಬೇಸರ ಮಾಡಿಕೊಳ್ಳದೆ, ನನ್ನ ಕೈಗೆ ಕೇಸರಿಬಾತಿನ ಪೊಟ್ಟಣ, ಒಂದು ಆಹ್ವಾನ ಪತ್ರಿಕೆ ಕೊಟ್ಟರು. "ಎಲ್ಲಾ ಇದರಾಗೈತ್ರಿ ಮೇಡಂ. ಫೋಟೋ ವಾಟ್ಸಾಪ್ ಮಾಡ್ತೀನಿ." ಯಾರೋ ನನ್ನನ್ನು ಮೇಡಂ ಅಂದದ್ದು ಅದೇ ಮೊದಲು. ನಾನು ಉಬ್ಬಿಹೋದೆ. ವಾಪಸು ಹೋಗಿ, ಆಫೀಸಿನಲ್ಲಿ ಕೂತು, ನೋಡದ ಸಭೆಯನ್ನು ಕಣ್ಣಾರೆ ಕಂಡಂತೆ ಬರೆದೆ. ಗಣ್ಯರು ಜ್ಯೋತಿ ಬೆಳಗಿಸಿದರು, ಮಹಿಳೆಯರು ಅಪಾರ ಸಂಖ್ಯೆಯಲ್ಲಿ ಸೇರಿದ್ದರು — ಬೇವಿನ ಮರದ ಕೆಳಗೆ ಕೇಳಿದ್ದು ನೆನಪಿತ್ತು, ಆದರೂ ಬರೆದೆ. ಎಲ್ಲ ವರದಿಯಲ್ಲೂ ಹಾಗೇ ಇರುತ್ತದಲ್ಲ ಎಂದುಕೊಂಡೆ. ಕೊನೆಯ ಸಾಲಿನಲ್ಲಿ ಆಹ್ವಾನ ಪತ್ರಿಕೆಯ ಹೆಸರುಗಳು. ಅವುಗಳಲ್ಲಿ ಒಂದು, ಗ್ರಾಮ ಪಂಚಾಯಿತಿ ಸದಸ್ಯೆ ಗಂಗಮ್ಮ. ಅವರು ಯಾರೆಂದು ನನಗೆ ಗೊತ್ತಿರಲಿಲ್ಲ.

ಮರುದಿನದ ಪತ್ರಿಕೆಯನ್ನು ಕಂಪ್ಲಿಗೆ ಕಳಿಸಿದೆ. ಅಪ್ಪ ಅದನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದರಂತೆ.

ಅದಾಗಿ ಮೂರು ನಾಲ್ಕು ದಿನಕ್ಕೆ ಇಬ್ಬರು ಹೆಣ್ಣುಮಕ್ಕಳು ಆಫೀಸಿಗೆ ಬಂದರು. ಮುಂದಿದ್ದವರನ್ನು ನೋಡಿದ ಕೂಡಲೇ ಗುರುತು ಹತ್ತಿತು — ಬೇವಿನ ಮರದ ಕೆಳಗಿನ ಬಾಳೆಹಣ್ಣಿನ ತಾಯಿ. ಅವರೇ ಗಂಗಮ್ಮ. ಹಿಂದೆ ಸೆರಗು ಬಿಗಿದು ನಿಂತಿದ್ದವರು ಅವರ ನಾದಿನಿ ಹುಲಿಗೆಮ್ಮ. ಪತ್ರಿಕೆ ಬಂದಾಗಿನಿಂದ ಊರಿನಲ್ಲಿ ದೊಡ್ಡ ರಾದ್ಧಾಂತವಾಗಿತ್ತು. ಎಲ್ಲರಿಗೂ ಆಣೆ ಹಾಕಿಸಿದವಳು ತಾನೇ ಹೋಗಿ ಕಂಪನಿಯವರ ಜೊತೆ ಕೂತು ಬಂದಳು ಎಂದು. ಸಭೆಗೆ ಹೋಗಿದ್ದ ಗಂಡಸರನ್ನು ಕೇಳಿದರೆ "ಬಂದಿದ್ಲಲ್ಲ" ಎಂದು ನಗುತ್ತಿದ್ದರಂತೆ; ಅವರಿಗೆ ಬೇಕಾದದ್ದೇ ಅದು. ಹೊಸಪೇಟೆಗೆ ಹೋಗುವುದನ್ನು ಗಂಗಮ್ಮ ನಾದಿನಿಗೂ ಹೇಳಿರಲಿಲ್ಲ — ಹೇಳಿದರೆ ಯಾರಾದರೂ ಬಾಯಿ ಬಿಡಿಸಿಯಾರು ಎಂದು.

ನನ್ನನ್ನು ನೋಡಿ ಗಂಗಮ್ಮನ ಮುಖ ಎಷ್ಟು ಅರಳಿತು ಎಂದರೆ — ಆ ಮುಖವನ್ನು ಬರೆಯಲು ನನಗೆ ಬರುವುದಿಲ್ಲ.

"ಯವ್ವಾ, ನೀನಾ! ದೇವರು ನಡೆಸಿಕೊಟ್ಟ ನೋಡು. ಹೇಳವ್ವಾ, ಆವತ್ತು ನಾ ಎಲ್ಲಿದ್ದೆ ಅಂತ ಈಕಿಗೆ ಹೇಳು. ಬಸ್ಸಿನಾಗ ನಮ್ಮೂರವ್ರು ಒಬ್ರೂ ಇರಲಿಲ್ಲ, ನೀನ ಸಾಕ್ಷಿ."

ಸಂಪಾದಕರು ಕನ್ನಡಕ ತೆಗೆದು ನನ್ನತ್ತ ತಿರುಗಿದರು. "ಏನವ್ವಾ, ಇವರು ಸಭೆಯಾಗ ಇದ್ರೋ ಇಲ್ಲೋ? ನೀ ಹೋಗಿದ್ಯಲ್ಲ?"

ಇಲ್ಲಿ ನಿಧಾನವಾಗಿ ಹೇಳಬೇಕು. ಅವರು ನನ್ನ ಪಕ್ಕ ಬಸ್ಸಿನಲ್ಲಿದ್ದರು ಎಂದರೆ, ಸಭೆಯ ಹೊತ್ತಿಗೆ ನಾನೂ ಬಸ್ಸಿನಲ್ಲಿದ್ದೆ ಎಂದ ಹಾಗಾಯಿತು. ಅವರನ್ನು ಉಳಿಸಲು ನಾನು ಸಿಕ್ಕಿಬೀಳಬೇಕಿತ್ತು, ಬೇರೆ ದಾರಿ ಇರಲಿಲ್ಲ. ಕೆಲಸ ಹೋಗುತ್ತದೆ, ಕಾಲೇಜಿಗೆ ತಿಳಿಯುತ್ತದೆ, ಅಪ್ಪ ಅಂಗಡಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದಾರೆ — ಇದೆಲ್ಲ ತಲೆಯಲ್ಲಿ ಓಡಿತು. 'ನನಗೆ ನೆನಪಿಲ್ಲ' ಎನ್ನಬಹುದಿತ್ತು. ಅಷ್ಟಾದರೂ ಅನ್ನಬಹುದಿತ್ತು. ಆದರೆ ಸಂಪಾದಕರ ಕಣ್ಣು ನನ್ನ ಮೇಲಿತ್ತು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಗಟ್ಟಿಯಾಗಿ ಹೇಳಿದೆ.

"ಇದ್ರು ಸರ್. ಎರಡನೇ ಸಾಲಿನಾಗ ಕುಂತಿದ್ರು. ನಾನ ನೋಡೀನಿ."

ಎರಡನೇ ಸಾಲು! ಯಾರೂ ಕೇಳದ ಸಾಲನ್ನು ಕೂಡ ಸೇರಿಸಿಕೊಟ್ಟೆ.

ಗಂಗಮ್ಮ ಕೂಗಾಡುತ್ತಾರೆ ಎಂದುಕೊಂಡೆ. ಅವರು ನನ್ನನ್ನು ನೋಡುತ್ತ ನಿಂತರು, ಅಷ್ಟೇ. ಮಾತಾಡಿದವರು ಹುಲಿಗೆಮ್ಮ. "ಪೇಪರ್‌ನವ್ರ ಕಣ್ಣಾರೆ ಕಂಡೀನಿ ಅಂದಮ್ಯಾಲ ಇನ್ನೇನೈತಿ? ನಡಿ" ಅಂದರು. ಆದರೆ ಜೊತೆಯಲ್ಲಿ ನಡೆಯಲಿಲ್ಲ. ಮೆಟ್ಟಿಲಿಳಿದು ತಾವೊಬ್ಬರೇ ಬಸ್‌ಸ್ಟ್ಯಾಂಡ್ ಕಡೆ ಹೋಗಿಬಿಟ್ಟರು. ಗಂಗಮ್ಮ ಅವರ ಹಿಂದೆ ಓಡಿದ್ದನ್ನು ಕಿಟಕಿಯಿಂದ ನೋಡಿದೆ. ಸಂಪಾದಕರು ಚಹಾ ತರಿಸಿದರು. "ಹಿಂಗ ನಡೀತಾವು, ಮನಸಿಗೆ ಹಚ್ಚಿಕೋಬ್ಯಾಡ" ಅಂದರು. ಚಹಾ ಕುಡಿದೆ.

ಆಮೇಲಿನದು ಆ ಕಡೆಯಿಂದ ಬರುವವರ ಬಾಯಲ್ಲಿ ಅಲ್ಪಸ್ವಲ್ಪ ತಿಳಿಯಿತು. ಹೆಣ್ಣುಮಕ್ಕಳ ಒಗ್ಗಟ್ಟು ಮುರಿಯಿತು. ಲಾರಿ ತಡೆಯೋಣ ಎಂದು ಗಂಗಮ್ಮ ಮತ್ತೊಮ್ಮೆ ಕರೆದಾಗ ಯಾರೂ ಬರಲಿಲ್ಲ. ಮುಂದಿನ ಚುನಾವಣೆಗೆ ಅವರು ನಿಲ್ಲಲಿಲ್ಲ. ಅತ್ತಿಗೆ ನಾದಿನಿಯರು ಒಂದೇ ಓಣಿಯಲ್ಲಿದ್ದು ಮಾತು ಬಿಟ್ಟರು. ಇಷ್ಟೆಲ್ಲ ಕೇಳಿಯೂ ನಾನು ಬಾಯಿ ಬಿಡಲಿಲ್ಲ. ಪರೀಕ್ಷೆ ಪಾಸಾದೆ, ಕೆಲವು ವರ್ಷ ಪತ್ರಿಕೆಗಳಲ್ಲಿ ದುಡಿದೆ, ಈಗ ಹುಡುಗ ಹುಡುಗಿಯರಿಗೆ ಪತ್ರಿಕೋದ್ಯಮ ಕಲಿಸುತ್ತೇನೆ — ಹೌದು, ನಾನೇ! ಕೆಲಸಕ್ಕೆಂದು ಎಷ್ಟೋ ಸಲ ಆ ಕ್ರಾಸಿನ ಮೇಲೆ ಹಾದುಹೋಗಿದ್ದೇನೆ. ಇಳಿಯಲು ಒಂದು ನಿಮಿಷ ಸಾಕಿತ್ತು. ಪ್ರತಿ ಸಲವೂ ಆ ಕಡೆಯ ಕಿಟಕಿ ಬಿಟ್ಟು ಈ ಕಡೆ ಕೂತೆ.

ಈ ವರ್ಷ ತರಗತಿಯಲ್ಲಿ ಒಬ್ಬಳು ಕೇಳಿದಳು: "ಮೇಡಂ, ನಿಮ್ಮ ಮೊದಲ ವರದಿ ಯಾವುದ್ರಿ?" ನಾನು ಚೂಡಿದಾರ್, ಕೆಟ್ಟ ಬಸ್ಸು, ಕೇಸರಿಬಾತು ಎಲ್ಲವನ್ನೂ ರಂಗಾಗಿ ಹೇಳಿದೆ. ಸಭೆ ಮುಗಿದ ಮೇಲೆ ಹೋಗಿ ವರದಿ ಬರೆದದ್ದನ್ನೂ ಹೇಳಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಕೂತಾಗ ನನ್ನ ಬಗ್ಗೆ ಎಂಥ ಅಸಹ್ಯವಾಯಿತೆಂದರೆ — ಇದು ನನಗೆ ತಮಾಷೆಯ ಕಥೆ ಯಾವಾಗ ಆಯಿತು?

ಆ ಭಾನುವಾರ ಕ್ರಾಸಿನಲ್ಲಿ ಇಳಿದೆ.

ಗಂಗಮ್ಮ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಕೂದಲು ಬೆಳ್ಳಗಾಗಿತ್ತು, ದನಿ ಇಳಿದಿತ್ತು. ಯಾರೆಂದು ಹೇಳಬೇಕಾಗಲಿಲ್ಲ. "ಬಸ್ಸಿನ್ಯಾಕಿ" ಅಂದರು, ಮೊರ ನಿಲ್ಲಿಸಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ: ನಾನು ಸುಳ್ಳು ಹೇಳಿದೆ, ಗೊತ್ತಿದ್ದೇ ಹೇಳಿದೆ, ನನ್ನನ್ನು ಉಳಿಸಿಕೊಳ್ಳಲು ಹೇಳಿದೆ. ಬೈಯಲಿ, ಹೊಡೆಯಲಿ ಎಂದು ಕಾಯುತ್ತಿದ್ದೆ. ಹೊಡೆದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಇದನ್ನ ನನಗ್ಯಾಕ ಹೇಳ್ತೀ?" ಅಂದರು. "ನಾ ಅಲ್ಲಿಗೆ ಹೋಗಿರಲಿಲ್ಲ ಅಂಬೋದು ನನಗ ಗೊತ್ತಿರಲಿಲ್ಲೇನು? ಹುಲಿಗಿಗೆ ಹೇಳಬೇಕಿತ್ತು."

"ಈಗ ಹೋಗಿ ಹೇಳ್ತೀನ್ರಿ. ಎಲ್ಲದಾರ?"

"ಆಕಿ ಹೋಗಿ ಎರಡು ವರ್ಷ ಆತು."

ಕುಂದ್ರು ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಜೋಳವನ್ನೆಲ್ಲ ಹಸನು ಮಾಡಿ ಮುಗಿಸಿದರು. "ಲಾರಿ ಈಗ ಬೈಪಾಸಿನಾಗ ಹೋಗ್ತಾವು. ನಮ್ಮಿಂದಲ್ಲ, ರೋಡು ಬಂತು, ಹೋದವು. ಅಡಿಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ ಅಂತಾರ. ಖರೇನ ಐತಿ" ಅಂದರು. ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ. "ಬರಿ. ನನ್ನ ಹೆಸರು ಹಾಕೇ ಬರಿ. ಅಲ್ಲಿ ಹೆಸರು ಹಾಕಿ ಇಲ್ಲಿ ಬಿಟ್ರ ಹೆಂಗ?" ಎಂದು ಎದ್ದರು. "ಹುಲಿಗಿ ಮಗಳು ರೇಣುಕಾ ಅದಾಳ. ಬಾ."

ನಾಲ್ಕು ಮನೆಯಾಚೆ ರೇಣುಕಾಳ ಮನೆ. ಗಂಗಮ್ಮ ಕಟ್ಟೆಯ ಹತ್ತಿರವೇ ನಿಂತರು. ಆ ಮನೆಯ ಮೆಟ್ಟಿಲು ತುಳಿದು ಅಷ್ಟು ವರ್ಷವಾಗಿತ್ತು, ಹುಲಿಗೆಮ್ಮನ ಸಾವಿಗೂ ಓಣಿಯಲ್ಲೇ ನಿಂತು ಕೈಮುಗಿದು ಬಂದಿದ್ದರಂತೆ. ನಾನು ಬಾಗಿಲಲ್ಲಿ ನಿಂತು ರೇಣುಕಾಗೆ ಮತ್ತೆ ಮೊದಲಿನಿಂದ ಹೇಳಿದೆ. ಎರಡನೇ ಸಲ ಹೇಳುವುದು ಸುಲಭವಾಗಿರಲಿಲ್ಲ. ಆಕೆ ಎಲ್ಲ ಕೇಳಿಸಿಕೊಂಡಳು.

"ಅವ್ವ ಹೋಗೋಕಿಂತ ಮುಂಚಿ ನಾನ ಕೇಳಿದ್ದೆ, ಅತ್ತಿನ ಕರೀಲೇನು ಅಂತ" ಅಂದಳು. "ಬ್ಯಾಡ, ಆಕಿ ಸುಳ್ಳು ಹೇಳಿದ್ಲು ಅಂದ್ಲು. ಅಂದು ಆ ಕಡೆ ಹೊಳ್ಳಿ ಮಲಗಿ ಅತ್ಲು."

ಹಿಂದೆ ಏನೋ ಸದ್ದಾಯಿತು. ಗಂಗಮ್ಮ ಕಟ್ಟೆಯ ಮೇಲೆ ಕುಸಿದು ಕೂತಿದ್ದರು. ಅಂದು ಆಫೀಸಿನಲ್ಲಿ ಅಳದವರು, ಈಗ ನಾನು ಎಲ್ಲ ಒಪ್ಪಿಕೊಂಡಾಗಲೂ ಅಳದವರು, ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದರು. ರೇಣುಕಾ ನನ್ನನ್ನು ದಾಟಿ ಹೋಗಿ, ಅವರ ರಟ್ಟೆ ಹಿಡಿದು ಎಬ್ಬಿಸಿದಳು.

"ಏಳತ್ತಿ. ಒಳಗ ಬಾ."

ಇಬ್ಬರೂ ಒಳಗೆ ಹೋದರು. ನನ್ನನ್ನು ಯಾರೂ ಕರೆಯಲಿಲ್ಲ. ಕರೆಯುವ ಹಾಗೆ ನಾನು ಏನೂ ಉಳಿಸಿಕೊಂಡಿರಲಿಲ್ಲ.