ಗೋಡು ಮಣ್ಣಿಗೆ ಯಾವ ಟೈರು

ಕಿಬ್ಬನಹಳ್ಳಿ ಕ್ರಾಸಿನಲ್ಲಿ ನನ್ನ ಹೋಟೆಲಿಗೂ ಮೈಲಾರಿಯ ಟೈರು ಅಂಗಡಿಗೂ ನಡುವೆ ಇರುವುದು ಒಂದೇ ಒಂದು ತಗಡು. ಅವನು ಕೆಮ್ಮಿದರೆ ನನಗೆ ಕೇಳುತ್ತದೆ. ನಾನು ಬೈದರೆ ಇಡೀ ಕ್ರಾಸಿಗೆ ಕೇಳುತ್ತದೆ. ಹಾಲಮ್ಮನ ಬಾಯಿ ಜೋರು ಅಂತ ಜನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಇಪ್ಪತ್ತೆರಡು ವರ್ಷದಿಂದ ಬಸ್ಸಿಳಿದು ಬರುವವರಿಗೆ ಇಡ್ಲಿ ಹಾಕುತ್ತಿರುವವಳು ನಾನು, ಮೆತ್ತಗೆ ಮಾತಾಡಿದ್ದರೆ ಎಂದೋ ಬಾಗಿಲು ಹಾಕಿಕೊಂಡು ಹೋಗಬೇಕಾಗಿತ್ತು. ಇರಲಿ, ಈಗ ಹೇಳುತ್ತಿರುವುದು ನನ್ನ ಸಂಗತಿಯಲ್ಲ, ಆ ತಗಡಿನ ಆಚೆಯವನದು.

ಮೈಲಾರಿ ಚಿಕ್ಕನಾಯಕನಹಳ್ಳಿ ಕಡೆಯ ಕುರಿ ಮೇಯಿಸುವವರ ಮನೆಯವನು. ಅವನಪ್ಪ ಹಿಂಡು ಹೊಡೆದುಕೊಂಡು ಮೂರು ತಾಲ್ಲೂಕು ತಿರುಗಿ, ಗೊಬ್ಬರಕ್ಕೆಂದು ತೋಟ ತೋಟದಲ್ಲಿ ಮಂದೆ ನಿಲ್ಲಿಸಿದವನು. ಜೊತೆಯಲ್ಲಿ ತಿರುಗಿದ ಮಗನಿಗೆ ಯಾವ ಊರಿನ ತೋಟದ್ದು ಯಾವ ಮಣ್ಣು ಅನ್ನುವುದು ಬಾಯಿಪಾಠವಾಗಿತ್ತು. ಟೈರಿಗೆ ಬಂದವರ ಗಾಡಿಯನ್ನು ಅವನು ಆಮೇಲೆ ನೋಡುತ್ತಿದ್ದ. ಮೊದಲು ಕೇಳುತ್ತಿದ್ದದ್ದು, "ನಿಮ್ದು ಕೆಂಪು ಗರಸಾ, ಮರಳಾ, ಗೋಡಾ?" ಅಂತ. ಗೋಡು ಅಂದರೆ ಬೇಸಿಗೆಯಲ್ಲಿ ಕೆರೆಯಿಂದ ಎತ್ತಿ ತೆಂಗಿನ ಬುಡಕ್ಕೆ ಹೊಡೆಸುವ ಕಪ್ಪು ಹೂಳು. ಗೊತ್ತಿಲ್ಲ ಅಂದವರಿಗೆ, "ಒಂದು ಹಿಡಿ ಪೇಪರಲ್ಲಿ ಕಟ್ಕೊಂಡ್ ಬನ್ನಿ" ಅನ್ನುತ್ತಿದ್ದ. ಜನ ವಿಭೂತಿ ಕಟ್ಟಿಸಿಕೊಂಡು ಬರುವ ಹಾಗೆ ಮಣ್ಣಿನ ಪೊಟ್ಟಣ ಹಿಡಿದು ಬಸ್ಸಿಳಿಯುತ್ತಿದ್ದರು. "ಏನ್ಲಾ ಇದು, ಟೈರಂಗ್ಡಿನೋ ಜಾತಕ ನೋಡೋ ಮನೇನೋ?" ಅಂತ ನಾನು ಛೇಡಿಸುತ್ತಿದ್ದೆ.

ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳದಲ್ಲಿ ಬಗ್ಗಿ ಓಡಿಸುವ ಒಂದು ಗುಂಪಿದೆ. ಬಗ್ಗಿ ಅಂದರೆ ಕಬ್ಬಿಣದ ಪೈಪಿನ ಪಂಜರಕ್ಕೆ ಹಳೇ ಸಣ್ಣ ಕಾರಿನ ಇಂಜಿನ್ನು ಕೂರಿಸಿದ ಗಾಡಿ, ಅದಕ್ಕೆ ಬಾಗಿಲೂ ಇಲ್ಲ ಸೂರೂ ಇಲ್ಲ. ಅವರು ಕೂಡ ತುಮಕೂರಿನ ದೊಡ್ಡ ಅಂಗಡಿಗಳನ್ನು ಬಿಟ್ಟು ಇವನ ಹತ್ತಿರ ಬರುತ್ತಿದ್ದರು. ಈ ಮಣ್ಣಿಗೆ ಈ ಟೈರು, ಇಷ್ಟು ಗಾಳಿ ಅಂತ ಮೈಲಾರಿ ಹೇಳಿದರೆ ಮುಗಿಯಿತು, ಎರಡನೆಯ ಮಾತಿಲ್ಲ.

ಎರಡೂವರೆ ವರ್ಷದ ಹಿಂದೆ ನೊಣವಿನಕೆರೆ ಕಡೆಯ ರುದ್ರೇಶ್ ತಮ್ಮ ವ್ಯಾನು ತಂದು ನಿಲ್ಲಿಸಿ ಹಿಂದಿನ ಟೈರು ತೋರಿಸಿದರು. ಮೈಲಾರಿ ಹೆಬ್ಬೆರಳಲ್ಲಿ ಒತ್ತಿ ನೋಡಿ, "ಯುಗಾದಿವರ್ಗೂ ಏನೂ ಆಗಲ್ಲ ಬುಡಿ, ಸುಮ್ನೆ ಯಾಕೆ ಹೊಸದು?" ಅಂದ. ಆಗ ಇಬ್ಬರಿಗೂ ಟೀ ಕೊಡುತ್ತಿದ್ದವಳು ನಾನೇ. ನಾಲ್ಕು ದಿನಕ್ಕೆ ತುರುವೇಕೆರೆ ರಸ್ತೆಯಲ್ಲಿ ಅದೇ ಟೈರು ಸಿಡಿದು ವ್ಯಾನು ಮಗುಚಿತು. ರುದ್ರೇಶ್ ಅಲ್ಲೇ ಹೋದರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಮಧುಶ್ರೀಯ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಮೈಲಾರಿಯನ್ನು ಯಾರೂ ಏನೂ ಕೇಳಲಿಲ್ಲ. ಪೊಲೀಸರು ಕೇಳಲಿಲ್ಲ, ಆ ಮನೆಯವರೂ ಕೇಳಲಿಲ್ಲ. ಸಾವಿಗೆ ಹೋಗಿ ಹಿಂದೆ ನಿಂತು ಬಂದ. ಅವನು ಆಡಿದ ಮಾತು ಗೊತ್ತಿದ್ದದ್ದು ಅವನಿಗೆ ಮತ್ತು ನನಗೆ ಅಂತಲೇ ನಾನು ತಿಳಿದುಕೊಂಡಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇನ್ನು ಕೆದಕಿ ಏನು ಬಂತು ಅಂತ ನಾನು ಕೂಡ, ಜೋರು ಬಾಯಿಯ ಹಾಲಮ್ಮ, ಸುಮ್ಮನಾದೆ.

ಅವತ್ತಿನಿಂದ ಮೈಲಾರಿ ಹೇಳುವುದನ್ನು ಬಿಟ್ಟ. ಮಣ್ಣು ಕೇಳುವುದನ್ನೂ ಬಿಟ್ಟ. ಯಾರು ಬಂದರೂ, "ನೀವ್ ಯಾವ್ದು ಹೇಳ್ತೀರೋ ಅದನ್ನ ಹಾಕ್ತೀನಿ" ಅನ್ನುವುದೊಂದೇ ಮಾತು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಕುಡಿದಿದ್ದರೆ ಪೊರಕೆ ಎತ್ತಿಕೊಳ್ಳಬಹುದಿತ್ತು. ಎರಡೂ ಮಾಡಲಿಲ್ಲ. ಅಂಗಡಿ ತೆಗೆದ, ಬಿಚ್ಚಿದ, ಹಾಕಿದ, ಗಾಳಿ ಹಿಡಿದ, ಮುಚ್ಚಿದ. ಮಗಳು ಸ್ಪಂದನ ಪಿಯುಸಿಯಲ್ಲಿ ಕಾಲೇಜಿಗೇ ಮೊದಲು ಬಂದೆ ಅಂತ ಓಡಿಬಂದಾಗಲೂ "ಹೂಂ" ಅಂದು ಜಾಕಿ ಎತ್ತಿಕೊಂಡ. ಒಂದು ದಿನ ನನಗೆ ರೇಗಿಹೋಗಿ ಅವನ ಟೀಗೆ ಸಕ್ಕರೆಯ ಬದಲು ಉಪ್ಪು ಹಾಕಿ ಕೊಟ್ಟೆ. ಪೂರ್ತಿ ಕುಡಿದು ಲೋಟ ಇಟ್ಟು ಹೋದ. ನಾನು ಒಳಗೆ ಹೋಗಿ ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಗುರುವಾರ, ಟ್ರಾಕ್ಟರಿನ ಟ್ರೇಲರಿನಲ್ಲಿ ಒಂದು ಬಗ್ಗಿ ಬಂದಿಳಿಯಿತು. ಟ್ರಾಕ್ಟರ್ ಓಡಿಸುತ್ತಿದ್ದವನು ಮಧುಶ್ರೀಯ ಮೈದುನ ಸೂರ್ಯಪ್ರಕಾಶ್. ಪಕ್ಕದಲ್ಲಿ ಕೂತಿದ್ದವಳು ಮಧುಶ್ರೀ. ಅವಳನ್ನು ನೋಡಿ ನನ್ನ ಕೈಲಿದ್ದ ಸೌಟು ಹಾಗೇ ನಿಂತಿತು. ತಗಡಿನ ಆಚೆ ಸುತ್ತಿಗೆಯ ಸದ್ದೂ ನಿಂತಿತು.

ಅವಳು ಊರುಗೋಲು ಊರಿಕೊಂಡು ಬಂದು ನನ್ನ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದಳು. ಗಂಡ ಹೋದ ಮೇಲೆ ತೋಟ ನೋಡುತ್ತಿದ್ದದ್ದು ಮೈದುನ. ಅವನಿಗೆ ತಿಪಟೂರಿನಲ್ಲಿ ತನ್ನದೇ ಕೊಬ್ಬರಿ ವ್ಯಾಪಾರ, ಎರಡು ದೋಣಿಯ ಮೇಲೆ ಕಾಲಿಟ್ಟು ಸಾಕಾಗಿತ್ತು. ಹತ್ತು ವರ್ಷಕ್ಕೆ ಗುತ್ತಿಗೆ ಕೊಡೋಣ ಅಂತ ಒಬ್ಬನನ್ನು ಸೋಮವಾರ ಬರಹೇಳಿದ್ದ. ಅಷ್ಟರೊಳಗೆ ಯಾರೂ ತಳ್ಳದೆ ಎಳೆಯದೆ ಅವಳೇ ಓಡಿಸಿಕೊಂಡು ತೋಟದ ಕೊನೇ ಸಾಲು ಮುಟ್ಟಿ ಬಂದರೆ ಗುತ್ತಿಗೆ ಬೇಡ ಅಂತ ಮಾತಾಗಿತ್ತು. ಅದಕ್ಕೇ ಕೆರೆ ಅಂಗಳದವರಿಂದ ಹಳೇ ಬಗ್ಗಿ ಕೊಂಡು, ಬ್ರೇಕು ಕ್ಲಚ್ಚು ಎಲ್ಲ ಕೈಗೆ ಬರುವ ಹಾಗೆ ಮಾಡಿಸಿದ್ದಳು.

"ಆದ್ರೆ ಗೋಡು ಹೊಡ್ಸಿದೀವಿ ಹಾಲಮ್ಮ. ಮೂರನೇ ಸಾಲಿಗೇ ಚಕ್ರ ತಿರುಗ್ತಾ ನಿಂತ್ಬುಡುತ್ತೆ. ಹತ್ತು ವರ್ಷ ಇನ್ನೊಬ್ಬರ ಕೈಗೆ ಹೋದ್ರೆ ನಮ್ ತೋಟಕ್ಕೆ ನಾನೇ ನೆಂಟ್ರ ಥರ ಹೋಗ್ಬೇಕು" ಅಂದಳು. ಆಮೇಲೆ ತಿರುಗಿ, "ಮೈಲಾರಣ್ಣ, ಇದಕ್ಕೆ ಯಾವ ಟೈರು ಹಾಕ್ಬೇಕು?" ಅಂತ ಕೇಳಿದಳು.

ಮೈಲಾರಿ ಬಗ್ಗಿಯನ್ನೇ ನೋಡುತ್ತ, "ನೀವ್ ಹೇಳಿ ಅಕ್ಕಾರೆ, ಹಾಕ್ತೀನಿ" ಅಂದ.

"ಹೇಳಕ್ಕೆ ಗೊತ್ತಿದ್ರೆ ನಿಮ್ ಹತ್ರ ಯಾಕ್ ಬರ್ತಿದ್ದೆ?"

ಇಂಗು ತಿಂದ ಮಂಗನ ಹಾಗೆ ನಿಂತ. ನನಗೆ ಮೈಯೆಲ್ಲ ಉರಿಯಿತು, ಆದರೆ ಅವಳ ಎದುರಿಗೆ ಏನು ಬೈಯಲಿ?

ಕೊನೆಗೆ ಸೂರ್ಯಪ್ರಕಾಶ್ ತಾನೇ ತೀರ್ಮಾನ ಕೊಟ್ಟ. "ಅದ್ರಲ್ಲೇನಿದೆ ಅತ್ತಿಗೆ? ಗಾಡಿ ಹಗುರ, ಹಿಡಿತ ಸಾಲ್ದು. ಟ್ರಾಕ್ಟರಿಗೆ ತುಂಬಿಸ್ದಂಗೆ ಟೈರಿಗೆ ನೀರು ತುಂಬಿಸ್ಬುಡಣ."

ನಮ್ಮ ಕಡೆ ಉಳುವ ಟ್ರಾಕ್ಟರಿನ ಹಿಂದಿನ ಟೈರಿಗೆ ಮುಕ್ಕಾಲು ಪಾಲು ನೀರು ತುಂಬಿಸುತ್ತಾರೆ. ತೂಕ ಬಿದ್ದರೆ ಚಕ್ರ ನೆಲ ಕಚ್ಚುತ್ತದೆ ಅಂತ ಮಕ್ಕಳಿಗೂ ಗೊತ್ತು. ಹಾಗಾಗಿ ಆ ಮಾತು ಸರಿ ಅಂತ ನನಗೂ ಅನ್ನಿಸಿತು, ಮಧುಶ್ರೀಗೂ ಅನ್ನಿಸಿತು. ಬಗ್ಗಿಯಲ್ಲಿ ಇದ್ದದ್ದು ಮುಷ್ಟಿಗಾತ್ರದ ಹಲ್ಲಿನ ದಪ್ಪ ಜೀಪಿನ ಟೈರುಗಳು. ಮೈಲಾರಿ ನೀರಿನ ಪೈಪು ಕೈಗೆತ್ತಿಕೊಂಡವನು ಒಂದು ಗಳಿಗೆ ನಿಂತ. ಅವನ ತುಟಿ ಅಲುಗಿದ್ದನ್ನು ನಾನು ನೋಡಿದೆ. ಆಮೇಲೆ ಏನೂ ಅನ್ನದೆ ಹಿಂದಿನ ಎರಡಕ್ಕೂ ನೀರು ತುಂಬಿಸಿ ಕಳಿಸಿದ.

ಶುಕ್ರವಾರ ಮಧ್ಯಾಹ್ನ ಸುದ್ದಿ ಬಂತು. ಈ ಸಲ ಮೂರನೇ ಸಾಲಿಗೂ ಹೋಗಲಿಲ್ಲವಂತೆ. ಎರಡನೇ ಸಾಲಿನಲ್ಲೇ ಹಿಂದಿನ ಚಕ್ರ ಅಚ್ಚಿನವರೆಗೆ ಹೂತು, ತೆಂಗಿನ ಬೇರೆಲ್ಲ ಕಿತ್ತು, ಬಗ್ಗಿ ವಾಲಿಕೊಂಡು ನಿಂತಿತಂತೆ. ಮಧುಶ್ರೀ ಇಳಿಯಲಾರದೆ ಒಂದು ಗಂಟೆ ಸೀಟಿನಲ್ಲೇ ಕೂತಿದ್ದಳಂತೆ. ಕಾಯಿ ಕೆಡವಲು ಬಂದ ಆಳುಗಳು ಸುತ್ತ ನಿಂತು ನೋಡುತ್ತಿದ್ದರಂತೆ. ಟ್ರಾಕ್ಟರು ತಂದು ಎಳೆಯಬೇಕಾಯಿತಂತೆ.

ಕೇಳಿದ ಕೂಡಲೇ ಒಲೆ ಹಾಗೇ ಬಿಟ್ಟು ಆಚೆಗೆ ಹೋದೆ. "ಲೇ ಮೈಲಾರಿ, ನೀರು ತುಂಬಿದ್ರೆ ಹೂತ್ಕೊಳ್ಳುತ್ತೆ ಅಂತ ನಿಂಗೆ ಗೊತ್ತಿತ್ತೋ ಇಲ್ವೋ?"

"ಗೊತ್ತಿತ್ತು."

"ಮತ್ತೆ?"

"ಅವ್ರು ತುಂಬು ಅಂದ್ರು, ತುಂಬ್ದೆ ಕಣಕ್ಕ."

ಆ ಮುಖದಲ್ಲಿ ಸಿಟ್ಟಿಲ್ಲ, ನಾಚಿಕೆಯಿಲ್ಲ, ಏನೂ ಇಲ್ಲ. ನನಗೆ ತಡೆಯಲಾಗಲಿಲ್ಲ. ಎರಡೂವರೆ ವರ್ಷ ನುಂಗಿಕೊಂಡಿದ್ದದ್ದು ಬಾಯಿಗೆ ಬಂತು. "ಅವತ್ತು ಬಾಯಿ ಬುಟ್ಟು ಅವಳ ಗಂಡನ್ನ ಕಳೆದೆ. ಇವತ್ತು ಬಾಯಿ ಮುಚ್ಕೊಂಡು ತೋಟಾನೂ ಕಳೀತಿದೀಯ. ತಪ್ಪು ಮಾತಾಡೋದು ಒಂದೇ ಪಾಪ ಅಂದ್ಕೊಂಡಿದೀಯೇನ್ಲಾ?"

ಅಂದಮೇಲೆ ನನ್ನ ನಾಲಿಗೆಯನ್ನೇ ಕಚ್ಚಿಕೊಳ್ಳುವ ಹಾಗಾಯಿತು. ಅವನು ಕೈ ಒರೆಸಿಕೊಂಡು ಬಾಗಿಲು ಎಳೆದು, ಅಷ್ಟು ಹೊತ್ತಿಗೆ ಬಂದ ತುಮಕೂರು ಬಸ್ಸು ಹತ್ತಿದ. ಶನಿವಾರವೆಲ್ಲ ಅಂಗಡಿ ಮುಚ್ಚಿತ್ತು. ಏನು ಮಾಡಿಕೊಂಡನೋ ಅಂತ ನನಗೆ ಅನ್ನ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಒಂದು ಲಗೇಜ್ ಆಟೋ ಓಡಿಸಿಕೊಂಡು ಬಂದ. ಹಿಂದೆ ರಿಮ್ಮು ಸಮೇತ ನಾಲ್ಕು ಟೈರು. "ಅಕ್ಕ, ನೊಣವಿನಕೆರೆ ಕಡೀಕ್ ಹೋಗ್ಬೇಕು. ನೀನೂ ಬಾ" ಅಂದ. ಒಬ್ಬನೇ ಆ ಮನೆಯ ಮುಂದೆ ಹೋಗಿ ನಿಲ್ಲುವ ಧೈರ್ಯ ಅವನಿಗಿಲ್ಲ ಅಂತ ಗೊತ್ತಾಯಿತು. ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂತೆ.

ತೋಟದಲ್ಲಿ ಇಳಿದವನು ಮೊದಲು ಬಗ್ಗಿ ನೋಡಲಿಲ್ಲ. ಗೋಡಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಒಂದು ಹಿಡಿ ಹಿಸುಕಿದ, ಪುಡಿ ಮಾಡಿದ, ಮತ್ತೆ ಹಿಸುಕಿದ. ಸೂರ್ಯಪ್ರಕಾಶ್ ಕೈಕಟ್ಟಿ ನಿಂತು, "ಇವತ್ತೊಂದೇ ದಿನ ಮೈಲಾರಿ. ಅತ್ತಿಗೆ ಮತ್ತೆ ಹಂಗೆ ಸಿಕ್ಹಾಕ್ಕೊಂಡು ಕೂತಿರೋದನ್ನ ನಂಗೆ ನೋಡಕ್ಕಾಗಲ್ಲ" ಅಂದ. ಕೆಟ್ಟವನಲ್ಲ, ಅವನ ಕಣ್ಣಲ್ಲೂ ನೀರಿತ್ತು.

ಆಗ ಮೈಲಾರಿ ಬಾಯಿ ಬಿಟ್ಟ. ಒಂದೊಂದು ಮಾತಿಗೂ ತಡವರಿಸುತ್ತ ಹೇಳಿದ. "ಟ್ರಾಕ್ಟರು ನೆಲ ಅಗೀಬೇಕು, ಅದಕ್ಕೆ ತೂಕ ಬೇಕು. ಇದು ಅಗೀಬಾರ್ದು, ಮೇಲ್ಮೇಲೇ ಹೋಗ್ಬೇಕು. ಜೀಪಿನ ಟೈರು ಇಂಥ ಹಗುರದ ಗಾಡಿ ಕೆಳಗೆ ಮಡಚಲ್ಲ. ಗಾಳಿ ಎಷ್ಟು ಬುಟ್ರೂ ಬಿರುಸಾಗೇ ಇರುತ್ತೆ. ಆ ಹಲ್ಲು ತೋಡಿ ತೋಡಿ ಗುಂಡಿ ಮಾಡ್ಕಳುತ್ತೆ, ತೆಂಗಿನ ಬೇರೂ ಕುಯ್ಯುತ್ತೆ."

ತಂದಿದ್ದ ಟೈರುಗಳನ್ನು ಉರುಳಿಸಿ ತೋರಿಸಿದ. ಹಿಂದಕ್ಕೆ ಹಾಕಿದ್ದು ಅಗಲವಾದದ್ದು, ಟೈರಿನ ಪಕ್ಕದ ಗೋಡೆ ತೆಳ್ಳಗೆ, ಹಲ್ಲು ಸಣ್ಣ, ನಾನು ಒಂದು ಕೈಯಲ್ಲಿ ಎತ್ತಬಹುದಾದಷ್ಟು ಹಗುರ. ಮುಂದಕ್ಕೆ ಹಾಕಿದ್ದು ಕಿರಿದು, ಸುತ್ತಲೂ ಉಬ್ಬು ಗೆರೆ, ಸಡಿಲ ಮಣ್ಣಿನಲ್ಲಿ ಗಾಡಿ ತಿರುಗಿಸಿದ ಕಡೆ ತಿರುಗಲಿ ಅಂತ. ಕಾರಿಗೆ ಮೂವತ್ತು ಪಾಯಿಂಟು ಗಾಳಿ ಹಿಡಿಯುವವನು ಇದಕ್ಕೆ ಹಿಡಿದದ್ದು ಹಿಂದಕ್ಕೆ ಎಂಟು, ಮುಂದಕ್ಕೆ ಹತ್ತು, ಅಷ್ಟೇ. "ಈ ಗಾಳೀಲಿ ಟಾರು ರಸ್ತೆ ಹತ್ತಿಸ್ಲೇಬೇಡಿ ಅಕ್ಕಾರೆ" ಅಂತ ಮೂರು ಸಲ ಹೇಳಿದ. ಹಿಂದಿನ ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದ, ಸಾಲದು ಅಂತ ಮತ್ತೆ ಒತ್ತಿದ.

ಮಧುಶ್ರೀ ಸೀಟಿಗೆ ಏರಿ ಪಟ್ಟಿ ಬಿಗಿದುಕೊಂಡಳು. ಪಕ್ಕದ ಸೀಟು ತಟ್ಟಿ, "ಹತ್ತಿ" ಅಂದಳು.

ಮೈಲಾರಿ ಹಿಂದಕ್ಕೆ ಸರಿದ. "ನಾನ್ಯಾಕೆ ಅಕ್ಕಾರೆ? ತೂಕ ಆಯ್ತದೆ."

"ನೀವು ಆರಿಸಿದ ಟೈರು. ನೀವೂ ಕೂತ್ಕೊಳ್ಳಿ."

ಅವನು ನನ್ನ ಕಡೆ ನೋಡಿದ. ಕುರಿ ಸಂತೆಗೆ ಹೋದ ಹಾಗೆ ಹೋಗಿ ಕೂತ.

ಬಗ್ಗಿ ಹೊರಟಿತು. ಎರಡನೇ ಸಾಲಿನ ಗುಂಡಿಯ ಪಕ್ಕ ಹಾದುಹೋಯಿತು. ಮೂರನೇ ಸಾಲು ದಾಟಿತು. ಟೈರು ಅಡಿಯಲ್ಲಿ ಚಪ್ಪಟೆಯಾಗಿ ಹರಡಿಕೊಂಡು ಗೋಡಿನ ಮೇಲೆ ಉರುಳಿಕೊಂಡು ಹೋಯಿತೇ ಹೊರತು ಎಲ್ಲಿಯೂ ತೋಡಲಿಲ್ಲ. ಸೂರ್ಯಪ್ರಕಾಶ್ ಕಟ್ಟಿದ್ದ ಕೈ ಬಿಟ್ಟ. ಆಮೇಲೆ ಮರಗಳ ಮರೆಗೆ ಹೋದರು, ಸದ್ದು ಮಾತ್ರ ಕೇಳುತ್ತಿತ್ತು. ಕೊನೇ ಸಾಲಿನ ಹತ್ತಿರ ಆ ಸದ್ದೂ ನಿಂತಿತು.

"ಹೂತ್ಕೊಳ್ತು" ಅಂತ ಸೂರ್ಯಪ್ರಕಾಶ್ ಟ್ರಾಕ್ಟರಿನ ಕಡೆ ತಿರುಗಿದ. "ತಡಿಯಪ್ಪ" ಅಂತ ನಾನು ತೋಳು ಹಿಡಿದುಕೊಂಡೆ. ಕಾಲು ಗಂಟೆಯೇ ಆಗಿರಬೇಕು. ಮತ್ತೆ ಇಂಜಿನ್ನು ಕೇಳಿಸಿತು. ಬಗ್ಗಿ ಬದುವಿನ ಪಕ್ಕ ಸುತ್ತಿ ಬಂದು ನಮ್ಮ ಮುಂದೆ ನಿಂತಿತು. ಸೂರ್ಯಪ್ರಕಾಶ್ ಅತ್ತಿಗೆಯ ಮುಖ ನೋಡಿದ, ಫೋನು ತೆಗೆದ, ಗುತ್ತಿಗೆಯವನಿಗೆ "ನಾಳೆ ಬರ್ಬೇಡಿ, ತೋಟ ನಮ್ ಅತ್ತಿಗೇನೇ ನೋಡ್ಕೊಳ್ತಾರೆ" ಅಂದ. ಮಧುಶ್ರೀಯ ಕಣ್ಣು ಕೆಂಪಗಿತ್ತು. ನನಗೆ ಒಂದು ಗೊನೆ ಎಳನೀರು ಹಾಕಿಸಿ ಕಳಿಸಿದಳು.

ಕ್ರಾಸಿನ ಕಡೆ ಅರ್ಧ ದಾರಿ ಬಂದಿದ್ದೆವು. ಮೈಲಾರಿ ಆಟೋವನ್ನು ಒಂದು ಹುಣಸೇಮರದ ಕೆಳಗೆ ನಿಲ್ಲಿಸಿದ.

"ಕೊನೇ ಸಾಲಲ್ಲಿ ಅವ್ರೇ ಆಫ್ ಮಾಡಿದ್ರು ಅಕ್ಕ. ಅವತ್ತು ನಾನು ಅಂದಿದ್ದನ್ನ ಹೇಳ್ಬುಟ್ಟೆ."

"ಏನಂದಳು?"

"ಅವ್ರಿಗೆ ಮೊದ್ಲಿಂದ್ಲೂ ಗೊತ್ತಂತೆ. ಹೊಸ ಟೈರು ಹಾಕಿಸ್ಕೊಂಡ್ ಬನ್ನಿ ಅಂತ ಗಂಡನ್ನ ಕಳ್ಸಿದ್ದೇ ಅವ್ರಂತೆ. ಮೈಲಾರಿ ಬೇಡ ಅಂದ ಅಂತ ರುದ್ರೇಶಣ್ಣ ನಗ್ತಾ ಮನೆಗೋದ್ರಂತೆ."

"ಬೈದಳೇನೋ?" ಅಂದೆ.

"ಬೈದ್ರು ಅಕ್ಕ. ಬಾಯಿಗೆ ಬಂದಂಗೆ ಬೈದ್ರು. ನಿನ್ ಕೈ ಸೇದೋಗ ಅಂದ್ರು. ಇಷ್ಟು ದಿನ ಆ ಮನೇವ್ರು ಯಾರೂ ಬೈದಿರ್ಲಿಲ್ಲ. ಬೈದು ಬೈದು ಸಾಕಾಗಿ ಅತ್ತು, ಕಣ್ಣೊರೆಸ್ಕೊಂಡು, ತಿಂಗಳಿಗೊಂದ್ಸಲ ಬಂದು ಈ ಟೈರು ನೀನೇ ನೋಡ್ಬೇಕು ಅಂದ್ರು."

ಅಷ್ಟು ಹೇಳಿ ಆಟೋದ ಹ್ಯಾಂಡಲಿಗೆ ಹಣೆ ಇಟ್ಟು, ಕೂಸಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.