ಡಬ್ಬಿಯಲ್ಲಿ ಉಳಿದ ಬೀಜ

ಹೋದ ವಾರ ಶಿರಾ ಗೇಟ್ ಹತ್ತಿರ ಆಟೋಗೆ ಕಾಯುತ್ತಿದ್ದೆ. ಅಂಗಡಿಯೊಂದರ ಮುಂದೆ ನಿಂತಿದ್ದ ಲಗೇಜ್ ಗಾಡಿಯಿಂದ ಮೂಟೆ ಜಾರಿ ಬಿದ್ದು ಬಾಯಿ ಬಿಚ್ಚಿತು. ಹುಣಸೆ ಬೀಜ. ಕಂದುಗಪ್ಪು ಬಣ್ಣದ ನುಣುಪಾದ ಬೀಜಗಳು ರಸ್ತೆಯ ಅಂಚಿನ ತನಕ ಚೆಲ್ಲಿಕೊಂಡವು. ಗೋಣಿಯ ಜೊತೆ ಬೆರೆತ ಹುಳಿ ವಾಸನೆ ಬಂತು. ಒಂದು ಬೀಜ ಉರುಳಿ ಬಂದು ನನ್ನ ಚಪ್ಪಲಿಗೆ ತಾಗಿ ನಿಂತಿತು. ಅದನ್ನು ದಾಟಿ ಹೋಗಲು ಆಗಲಿಲ್ಲ… ಇಷ್ಟು ವರ್ಷಗಳಾದ ಮೇಲೂ.

ನಮ್ಮದು ಸಿ.ಎಸ್. ಪುರದ ಕಡೆಯ ಒಂದು ಹಳ್ಳಿ. ಎಪ್ಪತ್ತರ ದಶಕದ ನಡುವಿನ ಮಾತು. ಶಾಲೆಗೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಗುಬ್ಬಿಯವರು, ನಮ್ಮೂರಲ್ಲೇ ಬಾಡಿಗೆಗಿದ್ದರು. ತೆಳ್ಳಗಿನ ಮನುಷ್ಯ. ಏನಾದರೂ ಯೋಚಿಸುವಾಗ ಕತ್ತನ್ನು ಒಂದು ಕಡೆಗೆ ವಾಲಿಸುತ್ತಿದ್ದರು.

ಶಾಲೆಗೆ ಸೇರಿಸಲು ನನ್ನನ್ನು ಕರೆದುಕೊಂಡು ಹೋದವಳು ಅಜ್ಜಿ. ಮೇಷ್ಟ್ರು ಸಾಲಾಗಿ ಕೂತ ಮಕ್ಕಳ ಕಡೆ ಬೆರಳು ತೋರಿಸುತ್ತ ಒಂದು, ಎರಡು ಎಂದು ಎಣಿಸುತ್ತಿದ್ದರು. ಅಜ್ಜಿ ಬಾಗಿಲಲ್ಲೇ ನಿಂತು ಕೂಗಿದಳು.

"ಏನ್ ಮೇಷ್ಟ್ರೇ, ಸಂತೆ ಕುರಿ ಎಣಿಸ್ದಂಗೆ ಎಣಿಸ್ತಿದೀರಲ್ಲ! ಮೊದ್ಲು ಬೆರಳು ಇಳ್ಸಿ."

"ಎಣಿಸ್ದೆ ಲೆಕ್ಕ ಹೆಂಗೆ ಕಲಿಸ್ಲಿ ಅಜ್ಜಿ?"

"ಕಲ್ಲು ಎಣಿಸಿ, ಕಡ್ಡಿ ಎಣಿಸಿ. ಮಕ್ಳನ್ನ ಎಣಿಸ್ಬೇಡಿ."

ತಲೆ ಎಣಿಸಿದರೆ ಮಕ್ಕಳಿಗೆ ದೃಷ್ಟಿಯಾಗುತ್ತದೆ ಎಂದು ನಮ್ಮೂರಲ್ಲಿ ಎಲ್ಲರೂ ನಂಬಿದ್ದರು. ಅಜ್ಜಿ ಎರಡು ಮಕ್ಕಳನ್ನು ಕಳೆದುಕೊಂಡಿದ್ದವಳು. ಆ ಸಾವುಗಳಿಗೆ ಸ್ವಲ್ಪ ಮುಂಚೆ ಯಾರೋ ಬಂದು ಮನೆಯವರ ತಲೆ ಎಣಿಸಿ ಬರೆದುಕೊಂಡು ಹೋಗಿದ್ದರಂತೆ. ಮೇಷ್ಟ್ರು ನಗಲಿಲ್ಲ. ಬೆರಳು ಇಳಿಸಿದರು.

ಮಾರನೆಯ ದಿನ ಬಾಗಿಲ ಬಳಿ ಒಂದು ಬುಟ್ಟಿ ತುಂಬ ಹುಣಸೆ ಬೀಜ ಇತ್ತು, ಪಕ್ಕದಲ್ಲಿ ಖಾಲಿ ಬಿಸ್ಕತ್ ಡಬ್ಬಿ. ಒಳಗೆ ಬರುವವರು ಬುಟ್ಟಿಯಿಂದ ಒಂದು ಬೀಜ ತೆಗೆದು ಡಬ್ಬಿಗೆ ಹಾಕಬೇಕು. ಮನೆಗೆ ಹೋಗುವಾಗ ಡಬ್ಬಿಯಿಂದ ಒಂದನ್ನು ತೆಗೆದು ಬುಟ್ಟಿಗೆ ಹಾಕಬೇಕು. ಮೇಷ್ಟ್ರೂ ಹಾಕುತ್ತಿದ್ದರು. ಬೆಳಿಗ್ಗೆ ಮೊದಲ ಬೀಜ ಅವರದು, ಸಂಜೆ ಕೊನೆಯದೂ ಅವರದೇ. ಅದನ್ನು ತೆಗೆದ ಮೇಲೆಯೇ ಬೀಗ. ನಾವು ಕೂಡುವುದು ಕಳೆಯುವುದು ಕಲಿತದ್ದು ಆ ಬೀಜಗಳಿಂದ.

ಗೋಡೆಯಿಂದ ಗೋಡೆಗೆ ಗೋಣಿ ದಾರ ಕಟ್ಟಿ ಅಂಕಿ ಬರೆದ ರಟ್ಟುಗಳನ್ನು ಸಾಲಾಗಿ ನೇತುಹಾಕಿದ್ದರು. ನಮಗೆ ಕಣ್ಣು ಮುಚ್ಚಲು ಹೇಳಿ ಒಂದನ್ನು ತೆಗೆದು, ಉಳಿದವನ್ನು ಒತ್ತಾಗಿ ಸರಿಸಿಬಿಡುತ್ತಿದ್ದರು. "ಇರೋದು ಎಲ್ರಿಗೂ ಕಾಣ್ಸುತ್ತೆ ಕಣ್ರೋ. ಯಾವ್ದು ಇಲ್ಲ, ಅದನ್ನ ಹೇಳಿ." ನಾವು ಮೊದಲಿನಿಂದ ಒಂದೊಂದಾಗಿ ಓದಿಕೊಂಡು ಹೋಗಬೇಕು. ಅವಸರ ಮಾಡಿದವರಿಗೆ ಸಿಗುತ್ತಿರಲಿಲ್ಲ.

ನನ್ನ ತಮ್ಮನಿಗೆ ಆಗ ನಾಲ್ಕು ತುಂಬಿರಲಿಲ್ಲ. ಶಾಲೆಗೆ ಸೇರಿರಲಿಲ್ಲ, ಸಾಲಿನಲ್ಲಿ ಅವನಿಗೆ ಜಾಗವಿರಲಿಲ್ಲ. ಆದರೆ ಡಬ್ಬಿಗೆ ಬೀಜ ಬಿದ್ದಾಗ ಬರುವ ಸದ್ದೆಂದರೆ ಅವನಿಗೆ ಹುಚ್ಚು.

ಆ ದಿನ ಮಧ್ಯಾಹ್ನದ ಊಟಕ್ಕೆ ಹೋಗಿ ಬಂದ ಮೇಲೆ ಆಕಾಶ ಕಪ್ಪಿಟ್ಟಿತು. ಗುಡುಗು ಶುರುವಾದಾಗ ಮೇಷ್ಟ್ರು ಬೇಗ ಬಿಟ್ಟರು. ಬೀಜ ತೆಗೆದು ಹಾಕಿ ಎಲ್ಲರೂ ಓಡಿದೆವು. ಆಮೇಲೆ ಆದದ್ದರಲ್ಲಿ ಸ್ವಲ್ಪ ನಾನು ಕಂಡದ್ದು, ಸ್ವಲ್ಪ ದೊಡ್ಡವರ ಬಾಯಿಂದ ಕೇಳಿದ್ದು…

ಮೇಷ್ಟ್ರು ತಮ್ಮ ಬೀಜ ತೆಗೆಯಲು ಬಗ್ಗಿದಾಗ ಡಬ್ಬಿಯಲ್ಲಿ ಎರಡಿದ್ದವು.

ಕೋಣೆ ಹುಡುಕಿದರು, ಹಿತ್ತಿಲು ಹುಡುಕಿದರು. ಯಾರೂ ಇಲ್ಲ. ಮಳೆ ಜೋರಾಯಿತು. ಅವರು ಡಬ್ಬಿ ಹಿಡಿದುಕೊಂಡು ಮನೆಮನೆಗೆ ಹೊರಟರು. ನಾವು ಸಾಲಿನಲ್ಲಿ ನಿಲ್ಲುತ್ತಿದ್ದ ಕ್ರಮದಲ್ಲೇ ಹೋದರಂತೆ, ಯಾರನ್ನೂ ಬಿಟ್ಟುಬಿಡಬಾರದೆಂದು. ಅದಕ್ಕಾಗಿ ಊರಿನ ಈ ತುದಿಯಿಂದ ಆ ತುದಿಗೆ ಮತ್ತೆ ಮತ್ತೆ ಅಲೆದರು. ಜಗಲಿಯಲ್ಲಿ ಕೂತವರಿಗೆ ತಮಾಷೆ.

"ಒಂದು ಹುಣಸೆ ಬೀಜಕ್ಕೆ ಊರೆಲ್ಲಾ ನೆನೀತಾ ಸುತ್ತುತೀರಲ್ಲ ಮೇಷ್ಟ್ರೇ! ನಮ್ಮನೇಲಿ ಮೂಟೆಗಟ್ಲೆ ಅದೆ, ಬನ್ನಿ, ಕೊಡ್ತೀನಿ."

ಸಾಲಿನ ಮಕ್ಕಳೆಲ್ಲ ಅವರವರ ಮನೆಯಲ್ಲಿದ್ದರು. ಆದರೂ ಅವರು ನಿಲ್ಲಲಿಲ್ಲ. ಎರಡನೆಯ ಸುತ್ತಿನಲ್ಲಿ ನಮ್ಮ ಮನೆಗೆ ಬಂದಾಗ ಕತ್ತಲಾಗುತ್ತಿತ್ತು. ಬಾಗಿಲಲ್ಲಿ ಅವರ ಬಟ್ಟೆಯಿಂದ ನೀರಿಳಿಯುತ್ತಿದ್ದುದು ನನಗೆ ನೆನಪಿದೆ.

"ಅಜ್ಜಿ, ಸ್ಕೂಲಿಗೆ ಸೇರ್ದಿರೋ ಚಿಕ್ಕೋರೂ ಇದಾರಲ್ಲ. ಮನೇಲಿ ಒಟ್ಟು ಎಷ್ಟು ಮಕ್ಳು?"

"ದೇವ್ರು ಕೊಟ್ಟಷ್ಟು ಅವ್ರೆ. ಹೋಗಿ, ತಲೆ ಒರೆಸ್ಕಳಿ."

"ಎಲ್ರೂ ಇದಾರಾ?"

"ಅವ್ರೆ ಬುಡಿ."

ನಮ್ಮದು ಅಣ್ಣತಮ್ಮಂದಿರು ಒಟ್ಟಿಗಿದ್ದ ಮನೆ. ಮಕ್ಕಳು ಯಾರೋ ಒಬ್ಬರ ಮಡಿಲಲ್ಲಿ, ಯಾವುದೋ ಮೂಲೆಯಲ್ಲಿ ಇದ್ದೇ ಇರುತ್ತಾರೆ ಎಂಬ ಧೈರ್ಯ. ತಮ್ಮ ದೊಡ್ಡಮ್ಮನ ಹತ್ತಿರ ಮಲಗಿದ್ದಾನೆ ಎಂದು ಅಮ್ಮ ಅಂದುಕೊಂಡಿದ್ದಳು. ಅಮ್ಮನ ಹತ್ತಿರ ಇದ್ದಾನೆ ಎಂದು ದೊಡ್ಡಮ್ಮ. ನಾನೂ ಹಾಗೇ ಅಂದುಕೊಂಡಿದ್ದೆ.

ಮೇಷ್ಟ್ರು ಕತ್ತು ವಾಲಿಸಿದರು. ಆಮೇಲೆ ಮೆಲ್ಲಗೆ, "ಆಯ್ತು ಅಜ್ಜಿ, ಎಣಿಸೋದು ಬೇಡ. ಮಕ್ಳಿಗೆ ಊಟಕ್ಕೆ ಗಂಗಳ ಇಡಿ" ಎಂದರು.

"ಇಷ್ಟು ಬೇಗ್ನೆ?"

"ಇಡಿ ಅಜ್ಜಿ… ಕೈ ಮುಗೀತೀನಿ."

ಅಜ್ಜಿ ಗೊಣಗುತ್ತಲೇ ನಡುಮನೆಯಲ್ಲಿ ಗಂಗಳಗಳನ್ನು ಸಾಲಾಗಿ ಇಟ್ಟಳು. ಯಾವುದು ಯಾರ ತಟ್ಟೆ ಎಂದು ಅವಳ ಕೈಗೇ ಗೊತ್ತಿತ್ತು. ನಾವೆಲ್ಲ ಬಂದು ನಮ್ಮ ನಮ್ಮದರ ಮುಂದೆ ಕೂತೆವು. ನನ್ನ ಪಕ್ಕದ್ದು ಅಂಚು ನೆಗ್ಗಿದ ಚಿಕ್ಕ ಗಂಗಳ. ಅದರ ಮುಂದೆ ಯಾರೂ ಕೂರಲಿಲ್ಲ.

ದೊಡ್ಡಮ್ಮ ಅಮ್ಮನ ಮುಖ ನೋಡಿದಳು, ಅಮ್ಮ ದೊಡ್ಡಮ್ಮನ ಮುಖ ನೋಡಿದಳು. ಆಮೇಲೆ ಅಮ್ಮ ಕೂಗಿದ ಕೂಗು…

ಗಂಡಸರು ಲಾಟೀನು ಹಿಡಿದು ಹೊರಗೆ ಓಡಿದರು. ಎಲ್ಲರಿಗಿಂತ ಮುಂದೆ ಮೇಷ್ಟ್ರು. ನಮ್ಮನ್ನು ಕೂತಲ್ಲಿಂದ ಏಳಗೊಡಲಿಲ್ಲ. ಶಾಲೆಗೂ ಮನೆಗೂ ನಡುವೆ ಹಳ್ಳ, ಅದರ ಮೇಲೆ ರಸ್ತೆ, ರಸ್ತೆಯ ಕೆಳಗೆ ಮೋರಿ. ಮೋರಿಯಲ್ಲಿ ಏನಾಯಿತೆಂದು ನಾನು ನೋಡಿಲ್ಲ. ನಾನು ನೋಡಿದ್ದು ಆ ಗಂಗಳವನ್ನು. ಹೆಂಚಿನ ಸಂದಿಯಿಂದ ಅದರೊಳಕ್ಕೆ ನೀರು ತೊಟ್ಟಿಕ್ಕುತ್ತಿತ್ತು. ಯಾರಾದರೂ ಅದನ್ನು ಸರಿಸಲಿ ಎಂದು ಕಾದೆ, ಯಾರೂ ಸರಿಸಲಿಲ್ಲ. ನಾನೂ ಮುಟ್ಟಲಿಲ್ಲ. ಮುಟ್ಟಿದರೆ ಅವನು ಬರುವುದಿಲ್ಲ ಅನ್ನಿಸಿತ್ತು.

ಮೇಷ್ಟ್ರು ಅವನನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಊಟದ ಬಿಡುವು ಮುಗಿದ ಮೇಲೆ ನಮ್ಮ ಹಿಂದೆ ಸದ್ದಿಲ್ಲದೆ ಬಂದು, ಬೀಜ ಹಾಕಿ, ಹೊರಗೆ ಆಡುತ್ತ ಉಳಿದಿದ್ದನಂತೆ. ಮಳೆಗೆ ಹೆದರಿ ಮೋರಿಯೊಳಗೆ ನುಸುಳಿದ್ದ. ನೀರು ಅವನ ಎದೆಯವರೆಗೆ ಬಂದಿತ್ತು. ತುಟಿ ನೀಲಿಯಾಗಿತ್ತು, ಅಳುತ್ತಿರಲಿಲ್ಲ. ಅಮ್ಮನ ಮಡಿಲಿಗೆ ಹಾಕಿದ ಮೇಲೆ, ತುಂಬಾ ಹೊತ್ತಾದ ಮೇಲೆ, ಅತ್ತ. ಆಗ ಮೇಷ್ಟ್ರು ಗೋಡೆಗೆ ಒರಗಿ ಕುಸಿದು ಕೂತರು. ದೊಡ್ಡವರಿಗೂ ಹಾಗೆ ಹೆದರಿಕೆಯಾಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಅಜ್ಜಿ ನಮ್ಮ ಜೊತೆ ಶಾಲೆಗೆ ಬಂದಳು. ಬಾಗಿಲಲ್ಲಿ ನಿಂತು, ಸೆರಗು ಹೊದ್ದು, ಬೆನ್ನು ತಿರುಗಿಸಿದಳು.

"ನಾನು ಆ ಕಡೆ ತಿರುಗ್ಕಂಡಿರ್ತೀನಿ. ಬೇಕಾದ್ರೆ ಎಣಿಸ್ಕಳಿ."

ಮೇಷ್ಟ್ರು ಎಣಿಸಲಿಲ್ಲ. "ಬೀಜಾನೇ ಸಾಕು ಬಿಡಿ ಅಜ್ಜಿ" ಎಂದರು.

ಮುಂದಿನ ವರ್ಷ ಅವರಿಗೆ ಕುಣಿಗಲ್ ಕಡೆಗೆ ವರ್ಗವಾಯಿತು. ಹೊರಡುವ ದಿನ ಸಂಜೆ ನಾವೆಲ್ಲ ನಮ್ಮ ನಮ್ಮ ಬೀಜ ತೆಗೆದುಕೊಂಡೆವು. ಅವರು ಮರೆತರೋ, ಬೇಕೆಂದೇ ಬಿಟ್ಟರೋ, ಡಬ್ಬಿಯಲ್ಲಿ ಒಂದು ಉಳಿದಿತ್ತು. ಅವರು ತೀರಿಕೊಂಡು ಬಹಳ ವರ್ಷವಾಯಿತೆಂದು ಈಚೆಗೆ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ನಮ್ಮೂರಿನವರೊಬ್ಬರು ಹೇಳಿದರು. ಎಲ್ಲಿ, ಹೇಗೆ, ಅವರಿಗೂ ಗೊತ್ತಿರಲಿಲ್ಲ.

ಶಿರಾ ಗೇಟಿನಲ್ಲಿ ನನ್ನ ಚಪ್ಪಲಿಗೆ ತಾಗಿದ ಬೀಜವನ್ನು ಪರ್ಸಿಗೆ ಹಾಕಿಕೊಂಡು ಬಂದೆ. ಮನೆಗೆ ಬಂದವಳೇ ತಮ್ಮನಿಗೆ ಫೋನ್ ಮಾಡಿದೆ.

"ಮನೆಗೆ ಬಂದ್ಯೇನೋ?"

"ಬಂದಿದೀನಿ ಕಣಕ್ಕ. ಯಾಕೆ?"

"ಸುಮ್ನೆ."

ಅವನಿಗೆ ಆ ದಿನದ ನೆನಪೇ ಇಲ್ಲ. ಹೊರಗೆ ಮೋಡ ಕವಿಯುತ್ತಿತ್ತು. ಅಡುಗೆಮನೆಯ ಖಾಲಿ ಡಬ್ಬಿಯೊಂದಕ್ಕೆ ಬೀಜ ಹಾಕಿದೆ. ಅದೇ ಸದ್ದು. ಬೀಜ ಅಲ್ಲೇ ಇದೆ. ತೆಗೆದುಕೊಳ್ಳಬೇಕಾದವರು ಇಲ್ಲ.