ರೇಡಿಯೋ ಅಕ್ಕ ನುಂಗಿದ ಪುಟಗಳು

ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಯಂತ್ರಗಳ ಗದ್ದಲವೆಲ್ಲ ಕೆಳಗಿನ ಹಜಾರಕ್ಕೆ ಸೇರಿದ್ದು. ಮಹಡಿಯ ಕೋಣೆಯಲ್ಲಿ ಕೈಕೆಲಸ ಮಾತ್ರ: ಕಾಜಾ ತಿದ್ದುವುದು, ಗುಂಡಿ ಹಾಕುವುದು, ಇಸ್ತ್ರಿ ಮಾಡುವುದು. ಕೈ ದುಡಿಯುವಾಗ ಕಿವಿ ಖಾಲಿ ಕೂತಿರುವುದನ್ನು ಕಂಡು ಹಿಂದಿನವರು ಯಾರೋ ಒಂದು ಪದ್ಧತಿ ಹಾಕಿಕೊಟ್ಟಿದ್ದರು. ಊಟವಾದ ಮೇಲೆ ಒಬ್ಬರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಪುಸ್ತಕ ಓದಬೇಕು. ಆ ಹೊತ್ತಿನ ಅವರ ಪಾಲಿನ ಗುಂಡಿಗಳನ್ನು ಉಳಿದವರು ಹಂಚಿಕೊಂಡು ಹಾಕಬೇಕು. ಪುಸ್ತಕ ಮುಗಿದ ದಿನ ಪ್ರತಿಯೊಬ್ಬರೂ ಅಭಿಪ್ರಾಯ ಹೇಳಬೇಕು. ಹೆಚ್ಚಿನವರು ‘ಸೂಜಿ ದಂಡ’, ಅಂದರೆ ಹಂಚಿಕೊಂಡು ಹಾಕಿದ ಗುಂಡಿಯೆಲ್ಲ ವ್ಯರ್ಥ, ಎಂದರೆ ಓದಿದವರು ಕುರ್ಚಿ ಬಿಟ್ಟು ಚಾಪೆಗೆ ಇಳಿಯಬೇಕು, ಬೇರೊಬ್ಬರು ಏರಬೇಕು.

ಈಗ ಆ ಕುರ್ಚಿಯಲ್ಲಿದ್ದವಳು ರೇಡಿಯೋ ಅಕ್ಕ. ತವರಿನಲ್ಲಿ ಅಂಗಡಿ ಸಾಮಾನು ಕಟ್ಟಿ ಬಂದ ಕಾಗದವನ್ನೂ ಬಿಡಿಸಿ ಗಟ್ಟಿಯಾಗಿ ಓದಿ ಬೆಳೆದವಳು. ಸುದ್ದಿ ಅರ್ಧಕ್ಕೇ ಹರಿದಿದ್ದರೆ ಉಳಿದರ್ಧವನ್ನು ತಾನೇ ಕಟ್ಟಿ ಮುಗಿಸುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅತ್ತೆ, “ಸ್ವಲ್ಪ ಮೆಲ್ಲಗೆ ಓದ್ಕೊಳಮ್ಮ, ಪಕ್ಕದ ಮನೆಯವರು ಪತ್ರಿಕೆ ತರಿಸೋದನ್ನೇ ನಿಲ್ಲಿಸಿದ್ದಾರೆ” ಎಂದಿದ್ದರು. ಆದರೆ ಸೂಜಿ ಮಾತ್ರ ಅವಳ ಕೈಗೆ ಒಗ್ಗಲಿಲ್ಲ. ಅವಳು ಹಾಕಿದ ಗುಂಡಿ, ಅಂಗಿ ತೊಟ್ಟವನು ಕೆಮ್ಮಿದರೆ ಸಾಕು, ಉದುರುತ್ತದೆ ಎಂದು ಕೋಣೆಯಲ್ಲಿ ಮಾತಿತ್ತು. ಚಾಪೆಯ ಮೇಲೆ ಅವಳು ಎಲ್ಲರಿಗಿಂತ ಹಿಂದೆ; ಕುರ್ಚಿಯ ಮೇಲೆ ಕೂತಾಗ ಮೇಸ್ತ್ರಿಯೂ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದ. ಆ ಕುರ್ಚಿಯನ್ನು ಕಳೆದುಕೊಳ್ಳುವ ಯೋಚನೆ ಬಂದರೇ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಈ ಸಲ ಓದಲು ಸಿಕ್ಕಿದ್ದು ಒಂದು ರೋಚಕ ಕಾದಂಬರಿ. ದೊಡ್ಡ ಸರೋವರವೊಂದರ ತಳದಲ್ಲಿ ದೈತ್ಯ ಮೃಗವಿದೆಯೆಂದು ಜನ ತಲೆತಲಾಂತರದಿಂದ ನಂಬಿದ್ದಾರೆ. ಈಚೆಗೆ ದೋಣಿಗಳು ನಿಂತಲ್ಲೇ ಮುಳುಗುತ್ತಿವೆ. ಉಪಕರಣಗಳ ಪೆಟ್ಟಿಗೆ ಹೊತ್ತು ಒಬ್ಬ ವಿಜ್ಞಾನಿ ಹೆಂಗಸು ಬರುತ್ತಾಳೆ. ಓದಿನ ಮೊದಲ ದಿನ ದೋಣಿ ಮುಳುಗಿದಾಗ ಯಾರ ಸೂಜಿಯೂ ಅಲುಗಲಿಲ್ಲ. ಎರಡನೆಯ ದಿನ ವಿಜ್ಞಾನಿ ಸರೋವರದ ಕೆಸರನ್ನು ಗಾಜಿನ ಕೊಳವೆಯಲ್ಲಿ ತುಂಬಿ ಪರೀಕ್ಷಿಸತೊಡಗಿದಳು. ಆಗ ಇಸ್ತ್ರಿ ಮಾಮ ಬಾಯಿ ಕಳೆದು ಆಕಳಿಸಿದ. ಆ ಆಕಳಿಕೆ ರೇಡಿಯೋ ಅಕ್ಕನ ಎದೆಗೇ ಬಡಿಯಿತು.

ಅಂದಿನಿಂದ ಅವಳು ಮನೆಯಲ್ಲೇ ಮುಂದಿನ ಪುಟಗಳನ್ನು ನೋಡಿಕೊಂಡು, ಕೆಸರು, ಕೊಳವೆ, ಒತ್ತಡಮಾಪಕ ಬಂದ ಕಡೆಯಲ್ಲೆಲ್ಲ ಹಾಳೆಗಳನ್ನು ಸೇರಿಸಿ ಹೇರ್‌ಪಿನ್ ಹಾಕಿ ತರತೊಡಗಿದಳು. ಓದುವಾಗ ಪಿನ್ ಹಾಕಿದ್ದನ್ನು ಒಂದೇ ಏಟಿಗೆ ಮಗುಚಿ, ಅಲ್ಲಿಗೊಂದು ‘ಅಷ್ಟರಲ್ಲಿ’ ಸೇರಿಸಿ ಮುಂದಿನ ದೋಣಿಗೆ ಹಾರುತ್ತಿದ್ದಳು. ಕಥೆ ಕುದುರೆಯಂತೆ ಓಡಿತು. ಯಾರೂ ಆಕಳಿಸಲಿಲ್ಲ.

ಪುಸ್ತಕ ಮುಗಿಯಿತು. ಕಡೆಯ ಅಧ್ಯಾಯದಲ್ಲಿ ವಿಜ್ಞಾನಿ ತನ್ನ ಮಾಪಕ ನೋಡಿ, “ಇವತ್ತು ಯಾರೂ ನೀರಿಗೆ ಇಳಿಯಬೇಡಿ” ಎಂದು ಕೂಗಿ ದಡದ ಜನರನ್ನೆಲ್ಲ ಉಳಿಸುತ್ತಾಳೆ. ರೇಡಿಯೋ ಅಕ್ಕ ಪುಸ್ತಕ ಮುಚ್ಚಿ ಸೆರಗಿನಿಂದ ಮುಖ ಒರೆಸಿಕೊಂಡು, ಹೊಗಳಿಕೆಗೆ ಕಾದು ಕೂತಳು.

ಇಸ್ತ್ರಿ ಮಾಮ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ. “ದೋಣಿ ಮುಳುಗೋದೆಲ್ಲ ಚೆನ್ನಾಗಿತ್ತು. ಆದ್ರೆ ಇವತ್ತೇ ಇಳೀಬೇಡಿ ಅಂತ ಆ ಯಮ್ಮಂಗೆ ಹೇಗೆ ಗೊತ್ತಾಯ್ತು? ಕನಸು ಬಿತ್ತಾ? ಸೂಜಿ ದಂಡ.”

“ಮೃಗ ಎಲ್ಲೋಯ್ತು?” ಎಂದಳು ಗುಂಡಿ ಹಾಕುವವರಲ್ಲೊಬ್ಬಳು. “ಇಷ್ಟು ದಿನ ಕಾಯಿಸಿ ಬಾಲಾನೂ ತೋರಿಸ್ಲಿಲ್ಲ. ಬರೆದವರಿಗೆ ಕೊನೆಗೆ ಸುಸ್ತಾಗಿರ್ಬೇಕು. ನಂದೂ ದಂಡ.”

ಅಭಿಪ್ರಾಯಗಳು ಒಂದರ ಹಿಂದೊಂದು ಅದೇ ದಾರಿ ಹಿಡಿದವು. ಉಳಿದದ್ದು ಕಾಜಾ ಅಜ್ಜಿಯೊಬ್ಬಳೇ. ಕಣ್ಣು ಮಂಜಾದ ಮೇಲೂ ಬೆರಳ ತುದಿಯಲ್ಲೇ ಕಾಜಾ ತಿದ್ದುತ್ತಿದ್ದ ಆ ಅಜ್ಜಿಯ ಮಾತನ್ನು ಕೋಣೆಯಲ್ಲಿ ಯಾರೂ ಮೀರುತ್ತಿರಲಿಲ್ಲ.

“ನಾನು ಅಭಿಪ್ರಾಯ ಹೇಳಲ್ಲ,” ಎಂದಳು ಅಜ್ಜಿ. “ಪುಸ್ತಕ ಪೂರ್ತಿ ಕೇಳಿದ್ರೆ ತಾನೇ ಹೇಳೋದು? ಹಾಳೆ ತಿರುವಿದ್ರೆ ಸರ್ರಂತ ಸದ್ದಾಗ್ಬೇಕು. ನಿನ್ನದು ನಡುನಡುವೆ ಥಪ್ ಅಂತಿತ್ತು. ಮೃಗ ದೋಣಿ ನುಂಗ್ತೋ ಬಿಡ್ತೋ, ನೀನಂತೂ ಪುಟ ನುಂಗಿದ್ದೀಯ ಕಣೇ.”

ಎಲ್ಲರ ಕತ್ತೂ ಕುರ್ಚಿಯ ಕಡೆ ತಿರುಗಿತು. ರೇಡಿಯೋ ಅಕ್ಕ ಪುಸ್ತಕ ತೆರೆದು ತೋರಿಸಿದಳು. ಪಿನ್ನಿನ ಗುರುತುಗಳು ಸಾಲಾಗಿ ಕಂಡವು.

“ಮಾಮ ಆಕಳಿಸಿದ್ರಲ್ಲ, ಅದಕ್ಕೇ...” ಎಂದಳು ಸಣ್ಣ ದನಿಯಲ್ಲಿ.

“ಅದರ ಹಿಂದಿನ ರಾತ್ರಿ ಮೊಮ್ಮಗು ಮಲಗೋಕೆ ಬಿಟ್ಟಿರ್ಲಿಲ್ಲ ಕಣಮ್ಮ,” ಎಂದ ಇಸ್ತ್ರಿ ಮಾಮ. “ನನ್ನ ಆಕಳಿಕೆಗೂ ಅರ್ಥ ಹುಡುಕ್ತೀಯಲ್ಲ, ನೀನೇನು ಡಾಕ್ಟ್ರಾ?”

“ಪೂರ್ತಿ ಪುಸ್ತಕಕ್ಕೆ ಅಂತ ನಾವು ನಿನ್ನ ಪಾಲಿನ ಗುಂಡಿ ಹಾಕಿದ್ದೀವಿ,” ಎಂದಳು ಅಜ್ಜಿ. “ನುಂಗಿದ್ದನ್ನ ಕಕ್ಕು. ಆಮೇಲೆ ಕುರ್ಚಿ ಮಾತು. ಈ ಓದಿಗೆ ನಿನ್ನ ಗುಂಡಿ ನಾವು ಹಾಕಲ್ಲ, ಮೊದಲೇ ಹೇಳ್ತಿದ್ದೀನಿ.”

ಮರುದಿನದಿಂದ ಬಿಟ್ಟುಹೋದ ಪುಟಗಳ ಓದು ಶುರುವಾಯಿತು. ಕೊಳೆತ ಜೊಂಡು ತಳದ ಕೆಸರಿನಲ್ಲಿ ಗಾಳಿಯನ್ನು ಹುಟ್ಟಿಸುತ್ತದೆ. ಹೊರಗೆ ವಾತಾವರಣದ ಒತ್ತಡ ಇಳಿದ ದಿನ ಆ ಗಾಳಿ ಗುಳ್ಳೆಗುಳ್ಳೆಯಾಗಿ ಮೇಲೇಳುತ್ತದೆ. ಜೊಂಡಿನ ದಪ್ಪ ಹಾಸನ್ನೇ ಮೃಗದ ಬೆನ್ನಿನಂತೆ ಎತ್ತುತ್ತದೆ. ಗುಳ್ಳೆ ತುಂಬಿದ ನೀರಿಗೆ ದೋಣಿಯನ್ನು ಹೊರುವ ಬಲವಿರುವುದಿಲ್ಲ. ಮೊದಲ ಪುಟಗಳನ್ನು ರೇಡಿಯೋ ಅಕ್ಕ ಶಿಕ್ಷೆ ಅನುಭವಿಸುವವಳಂತೆ ಓದಿದಳು. ಆದರೆ ತಲೆ ಎತ್ತಿದಾಗ ಇಸ್ತ್ರಿ ಮಾಮನ ಕೈ ನಿಂತಿತ್ತು.

“ನಿಲ್ಲಿಸ್ಬೇಡ,” ಎಂದ ಆತ. “ಅನ್ನ ಕುದಿಯುವಾಗ ಆವಿ ಪಾತ್ರೆ ಮುಚ್ಚಳ ಎತ್ತುತ್ತಲ್ಲ, ಹಾಗೆ ಅನ್ನು. ಅದಕ್ಕೇ ಆ ಯಮ್ಮ ಮಾಪಕ ಮಾಪಕ ಅಂತ ಸಾಯ್ತಿದ್ದಿದ್ದು.”

“ಮಾಮ, ಅಂಗಿ,” ಎಂದರು ಯಾರೋ. ಇಸ್ತ್ರಿ ಪೆಟ್ಟಿಗೆಯ ಅಡಿಯಿದ್ದ ಅಂಗಿಯ ತೋಳಿನಿಂದ ಹೊಗೆ ಏಳುತ್ತಿತ್ತು. ಮೇಸ್ತ್ರಿ ಮೆಟ್ಟಿಲ ಮೇಲೇ ಇದ್ದ. ಕಥೆ ನಿಂತೀತೆಂದು ಬೈಗುಳವನ್ನು ಸಂಜೆಗೆ ಮುಂದೂಡಿದ.

ಆ ಪುಟಗಳೂ ಮುಗಿದ ದಿನ ಎರಡನೆಯ ಸಲ ಅಭಿಪ್ರಾಯಕ್ಕೆ ಕೂತರು. ಇಸ್ತ್ರಿ ಮಾಮ ತನ್ನ ಮಾತು ಹಿಂತೆಗೆದುಕೊಂಡ: ಬರೆದವರು ಪುಣ್ಯಾತ್ಮರು, ಎಲ್ಲಕ್ಕೂ ಕಾರಣ ಕೊಟ್ಟಿದ್ದಾರೆ. ಮೃಗಕ್ಕಾಗಿ ಕಾದಿದ್ದ ಗುಂಡಿಯವಳಿಗೆ ಮಾತ್ರ ಸಂಕಟ. “ಇಷ್ಟೆಲ್ಲ ಮಾಡಿ ಬರೀ ಗ್ಯಾಸಾ? ನಮ್ಮೆಜಮಾನರ ಹೊಟ್ಟೇಲೂ ಅದೇ ಇರೋದು. ನಂದು ಈಗ್ಲೂ ದಂಡ.” ಕೋಣೆ ನಕ್ಕಿತು, ಆದರೆ ಇಬ್ಭಾಗವಾಯಿತು: ಅರ್ಧ ಜನ ಮಾಮನ ಕಡೆ, ಅರ್ಧ ಜನ ಗುಂಡಿಯವಳ ಕಡೆ. ಮತ್ತೆ ಉಳಿದವಳು ಅಜ್ಜಿ. ಈ ಸಲ ಕುರ್ಚಿ ಅವಳ ನಾಲಿಗೆಯ ತುದಿಯಲ್ಲಿತ್ತು.

ಅಜ್ಜಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. “ಒತ್ತಡ ಇಳಿದ ದಿನ ದೋಣಿ ಮುಳುಗುತ್ತೆ ಅಂತ ತಾನೇ? ಸರಿ. ಕೆಂಪು ದೋಣಿ ಮುಳುಗಿದ ದಿನ ಮಾಪಕ ಮೇಲೇ ಇತ್ತು ಅಂತ ಆ ಹೆಂಗಸೇ ಬರ್ಕೊಂಡಿದ್ದಾಳೆ. ಮೊನ್ನೆ ನೀನೇ ಓದಿದೆ. ಹಾಗಾದ್ರೆ ಆ ದೋಣೀನ ಯಾರು ಮುಳುಗಿಸಿದ್ದು?”

ರೇಡಿಯೋ ಅಕ್ಕ ಗಡಬಡಿಸಿ ಹಾಳೆ ಮಗುಚಿದಳು. ಇತ್ತು. ಒಂದೇ ಸಾಲು, ಯಾವ ವಿವರಣೆಯೂ ಇಲ್ಲದೆ.

“ನೋಡಿದ್ರಾ, ಮೃಗ ಇದೆ,” ಎಂದಳು ಗುಂಡಿಯವಳು, ಕಳೆದ ಕುರಿ ಸಿಕ್ಕಿದಂತೆ. ಮಾಮ ಒಪ್ಪಲಿಲ್ಲ, ಮಾಪಕ ಕೆಟ್ಟಿರಬೇಕೆಂದ. “ಕೆಟ್ಟಿರೋದು ನಿಮ್ಮ ತಲೆ,” ಎಂದಳು ಅವಳು. ಜಗಳ ಎಷ್ಟು ಕಾವೇರಿತೆಂದರೆ ಕುರ್ಚಿಯ ವಿಷಯವೇ ಮರೆತುಹೋಯಿತು. ಮರೆಯದವಳು ಒಬ್ಬಳೇ.

“ಅಜ್ಜಿ, ನಾನು ಇಳೀಲಾ?” ಎಂದಳು ರೇಡಿಯೋ ಅಕ್ಕ.

“ಇಂಥ ಜಗಳ ಹಚ್ಚೋ ಪುಸ್ತಕ ದಂಡ ಹೇಗಾಗುತ್ತೆ? ಕೂತ್ಕೋ. ಮುಂದಿನದು ತೆಗಿ. ಒಂದಕ್ಷರ ಬಿಟ್ಟೆ ಅಂದ್ರೆ ನೋಡು.”

ಅವಳು ಹೊಸ ಪುಸ್ತಕವನ್ನು ತೆರೆದು ಗಂಟಲು ಸರಿಮಾಡಿಕೊಂಡಳು. ಪುಸ್ತಕದ ಹೆಸರು ಓದಿದಳು. ಮುದ್ರಣಾಲಯದ ವಿಳಾಸ, ಹಾಳೆಯ ಅಳತೆ, ರಕ್ಷಾಪುಟದ ಚಿತ್ರ ಬರೆದವರ ಹೆಸರು, ಹಕ್ಕುಗಳನ್ನು ಕಾದಿರಿಸಿದೆ ಎಂಬ ಎಚ್ಚರಿಕೆ, ಒಂದನ್ನೂ ಬಿಡದೆ ದೋಣಿ ಮುಳುಗುವಾಗಿನ ದನಿಯಲ್ಲೇ ಓದಿದಳು.

ಇಸ್ತ್ರಿ ಮಾಮ ಬಾಯಿ ತೆರೆದವನು, ಆಕಳಿಕೆಯನ್ನು ಅಂಗೈಯಲ್ಲಿ ಅದುಮಿಕೊಂಡ.